ಬೆನ್ನು ತೋರಿಸುವ ಸುತ್ತು

"ಏಳೇ ಕುಂಟಿ ಮಗಳೇ! ಕುಂಡಿಗೆ ಬೇರು ಬಿಟ್ಟಿದೆಯೇನೇ?"

ಹಾಗೆಂದವನೇ ಮೇಸ್ತ್ರಿ ನನ್ನ ಜಲ್ಲಿ ಬುಟ್ಟಿಗೆ ಒದ್ದ. ಬೆಳಗಿನಿಂದ ಒಡೆದು ತುಂಬಿಸಿದ್ದ ಕಲ್ಲೆಲ್ಲ ಉರುಳಿ ಗಣಿಯ ಹಳ್ಳಕ್ಕೆ ಬಿತ್ತು. ನಾನು ಎದ್ದೆ, ಆದರೆ ಕೈಯಲ್ಲಿದ್ದ ಸುತ್ತಿಗೆ ಕೆಳಗಿಡಲಿಲ್ಲ. ಅವನಿಗೆ ಅಷ್ಟು ನೆಪ ಸಾಕಾಯಿತು, ಕೆನ್ನೆಗೆ ಬಿಗಿದ. ಬಾಯೊಳಗೆ ಬಂದ ರಕ್ತವನ್ನು ಕಲ್ಲುದೂಳಿನ ಜೊತೆ ನುಂಗಿದೆ.

"ಧಣಿ ಕರೀತಿದ್ದಾರೆ. ನಿನ್ನನ್ನ, ನಿಮ್ಮವ್ವನ್ನ, ಆ ಡೋಲು ಬಡಿಯೋ ಹೆಣಾನ. ಮೂರೂ ಜನ ಊಟದ ಹೊತ್ತಿಗೆ ಹೊಸ ಬಿಲ್ಡಿಂಗಲ್ಲಿ ಇರಬೇಕು."

"ಅವ್ವಂಗೆ ಎದ್ದು ನಿಲ್ಲಕ್ಕೂ ಆಗಲ್ಲ. ಕೆಮ್ಮು ಎದೆ ಹಿಡ್ಕೊಂಡಿದೆ."

"ಸತ್ತಿಲ್ಲ ತಾನೆ? ಹೊತ್ಕೊಂಡು ಬಾ. ಸತ್ತಿದ್ರೂ ನೀನೇ ಹೊರಬೇಕಿತ್ತಲ್ಲೇ ಬೋಳಿ."

ಸುತ್ತ ಕೂತಿದ್ದ ಹೆಂಗಸರ ಸುತ್ತಿಗೆಗಳು ಒಂದು ಗಳಿಗೆ ನಿಂತು ಮತ್ತೆ ಟಕ್ ಟಕ್ ಎಂದವು. ಅವರನ್ನು ನಾನು ಬೈಯಲಾರೆ. ಮೇಸ್ತ್ರಿ ನಿನ್ನೆ ಅವರ ಕೆನ್ನೆಗೆ ಹೊಡೆದಾಗ ನಾನೂ ಹೀಗೇ ತಲೆ ತಗ್ಗಿಸಿ ಕಲ್ಲು ಒಡೆದವಳೇ.

ನಮ್ಮದು ಕಲ್ಲು ಒಡೆಯುವ ಕೇರಿ. ಕುಣಿಯುವ ಕೇರಿಯೂ ಹೌದು. ಗಣಿ ಧಣಿಯದು, ನಮ್ಮ ಗುಡಿಸಲು ನಿಂತ ನೆಲ ಧಣಿಯದು, ಅವನ ಮನೆಯಲ್ಲಿ ಹುಟ್ಟಾಗಲಿ ಸಾವಾಗಲಿ ಗೆಜ್ಜೆ ಕಟ್ಟಿಕೊಂಡು ಹೋಗಿ ಕುಣಿಯುವ ಕಾಲು ಮಾತ್ರ ನಮ್ಮದು. ಅದೂ ನಮ್ಮದಲ್ಲ ಎಂದು ತೋರಿಸಿಕೊಟ್ಟದ್ದು ಅವ್ವನ ಎಡಗಾಲು. ಅದರ ಕಥೆ ಆಮೇಲೆ ಹೇಳುತ್ತೇನೆ. ಆ ಕಾಲಿನಿಂದ ಹುಟ್ಟಿದ ಹೆಜ್ಜೆ ಈಗ ದೊಡ್ಡ ಹೆಸರು ಮಾಡಿದೆ. ಎಡಗಾಲು ಒಂದು ಕ್ಷಣ ನೆಲಕ್ಕೆ ಅಂಜಿದಂತೆ ತಡೆದು, ಆಮೇಲೆ ಎಳೆದುಕೊಂಡು ಬರುವ ಹೆಜ್ಜೆ. ಅದನ್ನು ಕಲಿಸುವುದಕ್ಕೆಂದೇ ಧಣಿ ಪಾಲಿಶ್ ಕಲ್ಲಿನ ಕಟ್ಟಡ ಕಟ್ಟಿಸಿದ್ದ. ಪಟ್ಟಣದಿಂದ ಒಬ್ಬ ಮೇಡಂ ಬಂದಿದ್ದಳು. ರೇಷ್ಮೆ ಉಟ್ಟ ಹುಡುಗಿಯರು ಕಾರಿನಲ್ಲಿ ಬಂದು ಕುಂಟುವುದನ್ನು ಕಲಿಯುತ್ತಿದ್ದರು.

ಉದ್ಘಾಟನೆ ಇನ್ನೂ ಆಗಿರಲಿಲ್ಲ, ಆದರೂ ವರ್ಷದಿಂದ ನನ್ನನ್ನೂ ಅಲ್ಲಿಗೆ ಕರೆಸುತ್ತಿದ್ದರು. ನಮ್ಮ ಕುಣಿತಕ್ಕೆ ಬಾಯಿಪಾಠ ಇಲ್ಲ. ಕಲಿಸುವವಳು ಮಾತಾಡುವುದಿಲ್ಲ, ಮುಂದೆ ನಿಂತು ಹೆಜ್ಜೆ ಹಾಕುತ್ತಾಳೆ. ಹಿಂದಿನವರು ಅವಳ ಹಿಮ್ಮಡಿ ನೋಡಿಕೊಂಡು ಹಾಕಬೇಕು. ಮುಂದಿನ ಕಾಲು ಏನು ಮಾಡಿತೋ ಹಿಂದಿನ ಕಾಲು ಅದನ್ನೇ ಮಾಡಬೇಕು, ಡೋಲು ಹೇಳದೆ ಬೆರಳೂ ಅಲ್ಲಾಡಬಾರದು. ಮೇಡಂಗೆ ಇದು ಬಹಳ ಹಿಡಿಸಿತ್ತು. "ಯೋಚನೆ ಮಾಡಬೇಡಿ, ಅವಳ ಕಾಲು ನೋಡಿ" ಎಂದು ಹುಡುಗಿಯರಿಗೆ ದಿನಾ ಹೇಳುತ್ತಿದ್ದಳು. ನನ್ನ ಮುಖವನ್ನು ಅವರು ನೋಡಿದ್ದು ಕಡಿಮೆ.

ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋದೆ. ಡೋಲು ಹೆಗಲಿಗೇರಿಸಿ ಮಾವ ಹಿಂದೆ ಬಂದ. ಮಾವ ಎಂದರೆ ಅವ್ವನ ತಮ್ಮ. ಅಪ್ಪ ಇಲ್ಲದ ನನ್ನನ್ನು ಎತ್ತಿ ಆಡಿಸಿದವನು, ಅವ್ವನ ಪ್ರತಿ ಕುಣಿತಕ್ಕೂ ಬಡಿದವನು. ದಾರಿಯುದ್ದಕ್ಕೂ ಅವ್ವ ನನ್ನ ಕುತ್ತಿಗೆಯ ಹಿಂದೆ ಕೆಮ್ಮುತ್ತಿದ್ದಳು. ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು, ಆದರೆ ನನ್ನ ಕೊರಳು ಬಳಸಿದ್ದ ಅವಳ ಬಲಗೈ ಮಾತ್ರ ಹಗ್ಗದ ಹಾಗೆ ಗಟ್ಟಿಯಾಗಿತ್ತು. ಕಾಲು ಹೋದ ಮೇಲೆ ಕೂತು ಜಲ್ಲಿ ಒಡೆದೇ ಬದುಕಿದವಳು ಅವಳು. ಕೆಮ್ಮು ಎದೆಯನ್ನು ತಿಂದಿತ್ತು, ತೋಳಿಗೆ ಬಾಯಿ ಹಾಕಿರಲಿಲ್ಲ.

ಧಣಿ ವೇದಿಕೆಯ ಮೇಲೆ ಮೇಡಂ ಜೊತೆ ನಿಂತಿದ್ದ. ಅವನ ಅಪ್ಪ ದೊಡ್ಡ ಧಣಿ ಸತ್ತು ಬಹಳ ವರ್ಷವಾಗಿತ್ತು, ಗೋಡೆಯ ಮೇಲೆ ಆಳೆತ್ತರದ ಚಿತ್ರವಾಗಿ ತೂಗುತ್ತಿದ್ದ. ಅವ್ವನನ್ನು ಕೆಳಗಿಳಿಸಿದೆ. ಧಣಿ ಬಗ್ಗಿ ಮಾತಾಡಿಸುತ್ತಾನೇನೋ ಅಂದುಕೊಂಡೆ. ಅವನು ಹೊಳೆಯುವ ಬೂಟಿನ ತುದಿಯಿಂದ ಅವ್ವನ ಎಡಗಾಲನ್ನು ಎತ್ತಿ, ಸಂತೆಯಲ್ಲಿ ದನದ ಗೊರಸು ನೋಡುವವನ ಹಾಗೆ ಆ ಕಡೆ ಈ ಕಡೆ ತಿರುಗಿಸಿದ.

"ನೋಡಿ ಮೇಡಂ, ನಿಮ್ಮ ಹೆಜ್ಜೆಯ ತವರು ಇದೇ. ಹುಟ್ಟು ಕುಂಟಿ. ಬೇರೆಯವರಾಗಿದ್ರೆ ಓಡಿಸ್ತಿದ್ರು. ನಮ್ಮಪ್ಪ ಪಾಪ ಅಂತ ಕುಣಿಯೋಕೆ ಬಿಟ್ರು. ಉದ್ಘಾಟನೆ ದಿನ ನಾನು ಇದನ್ನೇ ಮಾತಾಡೋದು."

"ಹುಟ್ಟು ಕುಂಟೀನಾ?" ಎಂದಳು ಅವ್ವ.

ಅವಳ ದನಿ ಸಣ್ಣಗಿತ್ತು, ಆದರೂ ಆ ಖಾಲಿ ಕಟ್ಟಡದಲ್ಲಿ ಎಲ್ಲರಿಗೂ ಕೇಳಿಸಿತು. ಮೇಸ್ತ್ರಿ ಮುಂದೆ ಬಂದು ಅವಳ ತಲೆಗೆ ಮೊಟಕಿದ. ಕಾಯಿಲೆಯ ಮುದುಕಿಯ ತಲೆಗೆ! ನಾನು ಹಾರಿ ಬೀಳಬೇಕೆಂದಿದ್ದೆ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡ.

"ಅವತ್ತು ಮುದುಕಿ ಕುರ್ಚಿ ಮೇಲೆ ಕೂತಿದ್ರೆ ಸಾಕು," ಧಣಿ ನನ್ನ ಕಡೆ ತಿರುಗಿದ. "ಬಾಯಿ ಬಿಟ್ರೆ ನಿಮ್ಮ ಕೇರಿ ಮೇಲೆ ಬುಲ್ಡೋಜರ್ ಹತ್ತಿಸ್ತೀನಿ. ನಮ್ಮ ಉಪ್ಪು ತಿಂದು ಬೆಳೆದೋರು ನೀವು, ನೆನಪಿರಲಿ. ಮತ್ತೆ ನೀನು, ಮುಖ ನನ್ನ ಕಡೆ ಇಟ್ಕೊಂಡು ಕುಣೀಬೇಕು. ಹಳೇ ನಿಯಮ ಗೊತ್ತಲ್ಲ?"

"ಗೊತ್ತು ಧಣಿ."

ಮೇಡಂ ಮೂಗಿನ ಮೇಲೆ ಕರ್ಚೀಫು ಇಟ್ಟುಕೊಂಡು ಅವ್ವನ ಪಾದ ನೋಡುತ್ತಿದ್ದಳು. "ಸರ್, ಆ ಕಾಲನ್ನ ಹೀಗೇ ಬಿಟ್ಟರೆ ಅತಿಥಿಗಳಿಗೆ ಕಸಿವಿಸಿ ಆಗುತ್ತೆ. ತೊಡೆ ಮೇಲೆ ಒಂದು ಮಖಮಲ್ ಬಟ್ಟೆ ಹೊದಿಸೋಣ, ಕೆಳಗಿನ ತನಕ." ಹೆಜ್ಜೆ ಬೇಕು, ಕಾಲು ಬೇಡ.

ವಾಪಸ್ ಬರುವಾಗ ಅವ್ವ ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ನಾನು ಸಾಯೋದ್ರೊಳಗೆ ಆ ಸುತ್ತು ಒಂದ್ಸಲ ನೋಡ್ಬೇಕು ಕಣೇ. ಅವನ ಮುಂದೇನೇ ನೋಡ್ಬೇಕು."

ಯಾವ ಸುತ್ತು ಎಂದು ಕೇಳಬೇಕಾಗಿರಲಿಲ್ಲ. ನಾನದನ್ನು ನೋಡಿದವಳಲ್ಲ, ಮಾವ ಡೋಲಿನ ಹಗ್ಗ ಬಿಗಿಯುವಾಗೆಲ್ಲ ಹೇಳಿದ್ದನ್ನು ಕೇಳಿದವಳು. ನಮ್ಮ ಕುಣಿತದ ಜೀವ ಇದ್ದದ್ದು ಅದರಲ್ಲಿ. ಎಡ ಹಿಮ್ಮಡಿಯ ಮೇಲೆ ಇಡೀ ಮೈ ತಿರುಗಿಸಿ, ಎದುರಿಗಿದ್ದವರಿಗೆ ಬೆನ್ನು ಕೊಟ್ಟು, ಡೋಲು ಕರೆಯುವ ತನಕ ಅಲ್ಲಾಡದೆ ನಿಲ್ಲಬೇಕು. ನಮ್ಮ ಕೇರಿಯಲ್ಲಿ ಕುಣಿಯುವಾಗ ಹಾಗೆ ತಿರುಗುತ್ತಿದ್ದರು. ಧಣಿಯ ಅಂಗಳದಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಧಣಿಗೆ ಬೆನ್ನು ತೋರಿಸಬಾರದು, ಅದೇ ಹಳೇ ನಿಯಮ.

ಅವ್ವನ ಕಾಲು ಹೋದದ್ದು ನಾನು ಹುಟ್ಟುವ ಮೊದಲು. ಆ ದಿನ ಬೆಳಿಗ್ಗೆ ಗಣಿಯಲ್ಲಿ ಮದ್ದು ಸಿಡಿದು ಬಂಡೆ ಕುಸಿದು ಅವ್ವನ ಅಕ್ಕ ಸತ್ತಿದ್ದಳು. ಹೆಣ ಇನ್ನೂ ಕಲ್ಲಿನಡಿಯಲ್ಲೇ ಇತ್ತು, ಕೈಯೊಂದು ಮಾತ್ರ ಹೊರಗೆ ಕಾಣುತ್ತಿತ್ತು. ಅಷ್ಟರಲ್ಲಿ ದೊಡ್ಡ ಧಣಿಗೆ ಗಂಡು ಹುಟ್ಟಿದೆ, ಬಂದು ಕುಣಿಯಿರಿ ಎಂದು ಆಳು ಬಂದ. ಹೆಣ ತೆಗೆದು ಬರುತ್ತೇವೆ ಎಂದದ್ದಕ್ಕೆ ಬಾರುಕೋಲಿನಲ್ಲಿ ಹೊಡೆದು ಎಬ್ಬಿಸಿಕೊಂಡು ಹೋದರು. ಅವ್ವ ಗೆಜ್ಜೆ ಕಟ್ಟಿದಳು, ಕುಣಿದಳು. ದೊಡ್ಡ ಧಣಿ ಆ ಕೂಸನ್ನು, ಅಂದರೆ ಈಗಿನ ಧಣಿಯನ್ನು, ತೊಡೆಯ ಮೇಲಿಟ್ಟುಕೊಂಡು ನಗುತ್ತ ಕೂತಿದ್ದ. ಕುಣಿತ ನಡುಮಧ್ಯಕ್ಕೆ ಬಂದಾಗ ಅವ್ವ ತಿರುಗಿದಳು. ಬೆನ್ನು ಕೊಟ್ಟು ನಿಂತಳು. ಮಾವ ಆಗ ಮೀಸೆ ಬಾರದ ಹುಡುಗ, ಹೆದರಿ ಬೇಗ ಡೋಲು ಬಡಿದು ಅವಳನ್ನು ವಾಪಸ್ ಕರೆದ. ಅಷ್ಟರಲ್ಲೇ ಆಗುವುದು ಆಗಿಹೋಗಿತ್ತು.

ಈಗಿನ ಮೇಸ್ತ್ರಿಯ ಅಪ್ಪ ಅವಳನ್ನು ಕೆಡವಿ ಎಡಗಾಲನ್ನು ಮೆಟ್ಟಿಲ ಕಲ್ಲಿಗೆ ಒತ್ತಿ ಹಿಡಿದ. ಸುತ್ತಿಗೆಯನ್ನು ದೊಡ್ಡ ಧಣಿ ಬೇರೆಯವರ ಕೈಗೆ ಕೊಡಲಿಲ್ಲ, ಕೂಸನ್ನು ಕೆಳಗಿಟ್ಟು ತಾನೇ ಎದ್ದು ಬಂದ. ಕೀಲು ಪುಡಿಯಾಯಿತು. ಅವ್ವ ಕೂಗಿದ್ದಕ್ಕೆ ಮಗು ಎದ್ದು ಅತ್ತಿತಂತೆ, ಅದಕ್ಕೆ ಅವ್ವನ ಬಾಯಿಗೂ ಒದೆ ಬಿತ್ತು.

ವರ್ಷ ಕಳೆದ ಮೇಲೆ ಮತ್ತೆ ಕುಣಿಯಲು ಕರೆದರು. ಹೊಟ್ಟೆ ಇತ್ತಲ್ಲ, ಹೋದಳು. ಎಡಗಾಲು ತಡವಾಗಿ ಬರುತ್ತಿತ್ತು, ಮಾವ ಡೋಲನ್ನು ಒಂದು ಉಸಿರು ತಡೆದು ಅವಳಿಗಾಗಿ ಕಾಯುತ್ತಿದ್ದ. ಹಿಂದೆ ನಿಂತು ಕಲಿಯುತ್ತಿದ್ದ ಕೇರಿಯ ಹುಡುಗಿಯರು ಆ ಹಿಮ್ಮಡಿಯನ್ನೇ ನೋಡಿ ಅದನ್ನೇ ಹಾಕಿದರು. ಒಂದು ದಿನ ಅವ್ವ ಹಿಂದೆ ತಿರುಗಿ ನೋಡಿದರೆ ಗಟ್ಟಿ ಕಾಲಿನ ಹುಡುಗಿಯರೆಲ್ಲ ಸಾಲಾಗಿ ಕುಂಟುತ್ತಿದ್ದರು. ಅವ್ವ ಕೋಲು ತಗೊಂಡು ಅಟ್ಟಾಡಿಸಿ ಹೊಡೆದಳಂತೆ. ಆಮೇಲೆ ನೆಲಕ್ಕೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಒಬ್ಬಳ ಕಾಲು ಮುರಿದದ್ದಕ್ಕೆ ಇಡೀ ಕೇರಿ ಕುಂಟಿತು. ನಾನೂ ಹಾಗೇ ಕಲಿತವಳು.

ಬಂಡೆಗೆ ಮದ್ದಿಡುವ ದಿನಗಳಲ್ಲಿ ಮಧ್ಯಾಹ್ನ ಗಣಿಗೆ ರಜೆ. ಆಗ ಗುಡಿಸಲಿನಲ್ಲಿ ನಾವು ಶುರುಮಾಡಿದೆವು. ಆ ಸುತ್ತು ಮಾವನ ಕೈಯಲ್ಲಿ ಉಳಿದಿತ್ತು. ಬಡಿತ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕರೆಯುತ್ತದೆ ಎಂಬುದನ್ನು ಅವನು ಮರೆತಿರಲಿಲ್ಲ. ನಾನು ಆ ಬಡಿತದ ಒಳಗೆ ಕಾಲು ಹುಡುಕಿಕೊಳ್ಳಬೇಕಿತ್ತು. ಅವ್ವ ಚಾಪೆಯ ಮೇಲೆ ಮಲಗಿ ನೋಡುತ್ತಿದ್ದಳು. ತಪ್ಪಾದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು, ಅಷ್ಟೇ ಪಾಠ. ನಾನು ತಿರುಗಿದಷ್ಟು ಸಲವೂ ಅವಳು ಗೋಡೆಗೆ ತಿರುಗಿದಳು.

"ಎಲ್ಲಿ ತಪ್ತು ಅಂತ ಒಂದ್ ಮಾತು ಹೇಳವ್ವ! ಬಾಯಿಗೆ ಏನಾಗಿದೆ ನಿಂಗೆ?"

ಅವಳು ಗೋಡೆ ನೋಡುತ್ತಲೇ ಬೆರಳಾಡಿಸಿದಳು, ಮತ್ತೆ ಹಾಕು ಎಂದು.

"ನೆಲ ಡೊಂಕು ಅಂತ ಹೇಳ್ಬಿಡೇ," ಎಂದು ಮಾವ ನಕ್ಕ. "ಕುಣಿಯಲಾರದ ಎಲ್ಲರೂ ಅದನ್ನೇ ಹೇಳೋದು."

ಅವನು ನಕ್ಕದ್ದು ಅದೇ ಕೊನೆ. ಬಾಗಿಲು ಒದ್ದುಕೊಂಡು ಮೇಸ್ತ್ರಿ ಒಳಗೆ ಬಂದ.

"ಆ ಬಡಿತ ಯಾವುದು ಅಂತ ನಂಗೊತ್ತು ಕಣೋ ಸೂಳೆಮಗನೆ. ಇವಳ ಕಾಲು ಹಿಡಿದಿದ್ದು ನಮ್ಮಪ್ಪ. ಕುಡಿದಾಗೆಲ್ಲ ಅದೇ ಬಡಿತ ನೆಲದ ಮೇಲೆ ಬಡೀತಿದ್ದ, ಸಾಯೋವರೆಗೂ."

ಮಾವನ ಕುತ್ತಿಗೆ ಹಿಡಿದು ಹೊಸ್ತಿಲಿಗೆ ಎಳೆದ. ಬಲಗೈ ಹೊಸ್ತಿಲ ಮೇಲಿಟ್ಟು ಬೂಟುಗಾಲಿನಲ್ಲಿ ಹತ್ತಿ ನಿಂತ. ನಾನು ಅವನ ಬೆನ್ನಿಗೆ ಬಿದ್ದು ಕಿವಿ ಕಚ್ಚಿದೆ, ಮೊಣಕೈಯಿಂದ ನನ್ನ ಹೊಟ್ಟೆಗೆ ತಿವಿದ. ಉಸಿರು ಸಿಕ್ಕದೆ ಬಿದ್ದುಕೊಂಡೇ ಮಾವನ ಬೆರಳುಗಳು ಲಟಕ್ಕೆಂದು ಮುರಿಯುವ ಸದ್ದು ಕೇಳಿದೆ. ಮಾವ ಕಿರುಚಲಿಲ್ಲ, ದನದ ಹಾಗೆ ಮೂಗಿನಲ್ಲಿ ಉಸಿರು ಬಿಟ್ಟ.

"ನಾಳಿದ್ದು ಎಡಗೈಯಲ್ಲಿ ಬಡಿ. ಕುಂಟಿಗೆ ಮೋಟು, ಸರಿಯಾದ ಜೋಡಿ. ಧಣಿಗೆ ಹೇಳಿದ್ರೆ ಇವತ್ತೇ ಹೂತುಬಿಡ್ತಾರೆ. ಫಂಕ್ಷನ್ ಮುಗೀಲಿ ಅಂತ ಸುಮ್ಮನಿದ್ದೀನಿ," ಎಂದು ರಕ್ತ ಸುರಿಯುವ ಕಿವಿ ಹಿಡಿದುಕೊಂಡು ಹೋದ.

ನಾನು ಹರಿದ ಬಟ್ಟೆಯಲ್ಲಿ ಮಾವನ ಕೈ ಸುತ್ತಿದೆ. "ಬಿಟ್ಟುಬಿಡೋಣ ಅವ್ವ. ಇನ್ನೇನು ಉಳಿದಿದೆ ಮುರಿಯೋಕೆ?" ಎಂದೆ. ನಿಜಕ್ಕೂ ಬಿಟ್ಟುಬಿಡಬೇಕೆಂದಿದ್ದೆ. ನನಗೆ ನನ್ನ ಕಾಲಿನ ಮೇಲೆ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಉತ್ತರ ಕೊಟ್ಟವನು ಮಾವ. ಎಡಗೈಯಿಂದ ಡೋಲು ಹತ್ತಿರಕ್ಕೆ ಎಳೆದುಕೊಂಡು ಒಂದು ಏಟು ಹಾಕಿದ.

ಉದ್ಘಾಟನೆಯ ದಿನ ಬೆಳಿಗ್ಗೆಯೇ ಕಟ್ಟಡ ತುಂಬಿತ್ತು. ಅಧಿಕಾರಿಗಳು, ಪೊಲೀಸು ಸಾಹೇಬರು, ಅವರವರ ಹೆಂಡಿರು. ನಮ್ಮ ಕೇರಿಯವರನ್ನು ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿದ್ದರು. ಅವ್ವನನ್ನು ವೇದಿಕೆಯ ಅಂಚಿನಲ್ಲಿ ಕೆತ್ತನೆಯ ಕುರ್ಚಿಯ ಮೇಲೆ ಕೂರಿಸಿ, ಕೆಂಪು ಮಖಮಲ್ಲನ್ನು ಸೊಂಟದಿಂದ ನೆಲದವರೆಗೆ ಹೊದಿಸಿದೆ. ಅವಳ ಮಡಿಲು ಭಾರವಾಗಿತ್ತು. ಏನವ್ವ ಇದು ಎಂದು ಕಣ್ಣಲ್ಲೇ ಕೇಳಿದೆ. ಅವಳು ಮಖಮಲ್ಲನ್ನು ಸರಿಮಾಡಿಕೊಂಡಳು. ನಾನು ಗೆಜ್ಜೆ ಕಟ್ಟಲು ಹೋದೆ.

ಧಣಿ ಮಾತಾಡಿದ. ಹುಟ್ಟು ಕುಂಟಿ, ನಮ್ಮ ತಂದೆಯ ಕರುಣೆ, ನಮ್ಮ ಮನೆಯ ಅಂಗಳದಲ್ಲಿ ಅರಳಿದ ಕಲೆ. ಚಪ್ಪಾಳೆ ಬಿತ್ತು. ಆಮೇಲೆ ಕೆಳಗಿಳಿದು ಮೊದಲ ಸಾಲಿನ ನಡುವೆ ಕಾಲ ಮೇಲೆ ಕಾಲು ಹಾಕಿ ಕೂತ.

ಮಾವ ಎಡಗೈಯಲ್ಲಿ ಶುರುಮಾಡಿದ. ನಾನು ಮುಂದೆ, ರೇಷ್ಮೆಯ ಹುಡುಗಿಯರು ಹಿಂದೆ. ತಡೆದು ಎಳೆಯುವ ಹೆಜ್ಜೆ, ಮತ್ತೆ ತಡೆದು ಎಳೆಯುವ ಹೆಜ್ಜೆ. ಮೇಡಂ ಬದಿಯಲ್ಲಿ ನಿಂತು ತಲೆದೂಗುತ್ತಿದ್ದಳು. ಹಾಕದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಳಗೊಂದು ದನಿ ಹೇಳಿತು. ಅವ್ವನ ಕಡೆ ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು.

ಡೋಲು ಏರಿತು.

ನಾನು ಎಡ ಹಿಮ್ಮಡಿ ಊರಿ ತಿರುಗಿದೆ. ತಡೆಯಲಿಲ್ಲ, ಎಳೆಯಲಿಲ್ಲ. ಧಣಿಗೆ ಬೆನ್ನು ಕೊಟ್ಟು ನಿಂತೆ. ಹಿಂದಿನ ಸಾಲಿನ ಕಣ್ಣುಗಳು ನನ್ನ ಕಾಲಿನ ಮೇಲೇ ಇದ್ದವು. ಒಬ್ಬಳೂ ಯೋಚಿಸಲಿಲ್ಲ. ರೇಷ್ಮೆ ಸರಕ್ಕೆಂದಿತು, ಇಡೀ ಸಾಲು ಧಣಿಗೆ ಬೆನ್ನು ಹಾಕಿ ನಿಂತಿತು.

ಮಾವ ಡೋಲು ನಿಲ್ಲಿಸಿದ. ಕರೆಯಲಿಲ್ಲ.

ಸಭೆ ಮೊದಲು ಚಪ್ಪಾಳೆ ತಟ್ಟಿತು, ಆಮೇಲೆ ಸುಮ್ಮನಾಯಿತು. ಡೋಲು ಬರಲಿಲ್ಲ. ಹಿಂದಿನ ಬಾಗಿಲ ಹತ್ತಿರ ನಮ್ಮ ಕೇರಿಯ ಮುದುಕಿಯೊಬ್ಬಳು ಜೋರಾಗಿ ಅತ್ತುಬಿಟ್ಟಳು. ಅವಳು ಆ ಸುತ್ತನ್ನು ಕಂಡಿದ್ದಳು.

"ತಿರುಗ್ರೇ!" ಧಣಿ ಕೂಗಿದ. "ಮೇಡಂ, ಏನಿದು? ಈ ಕಡೆ ತಿರುಗಿಸ್ರೀ ಅವರನ್ನ!"

"ಟರ್ನ್! ಟರ್ನ್!" ಎಂದು ಮೇಡಂ ಕೈ ಬೀಸಿದಳು. ಡೋಲು ಹೇಳದೆ ಬೆರಳೂ ಅಲ್ಲಾಡಬಾರದು ಎಂದು ವರ್ಷವಿಡೀ ಅರೆದು ಕುಡಿಸಿದವಳು ಅವಳೇ. ಹುಡುಗಿಯರು ಕಲ್ಲಿನ ಹಾಗೆ ನಿಂತಿದ್ದರು.

ಮೇಸ್ತ್ರಿ ವೇದಿಕೆಗೆ ಹಾರಿ ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿದ. ಹಣೆ ವೇದಿಕೆಯ ಹಲಗೆಗೆ ಬಡಿಯಿತು. ಪಕ್ಕೆಗೆ ಒದ್ದ, ಮತ್ತೆ ಒದ್ದ. ಹುಡುಗಿಯರು ಈಗ ಕಿರುಚಿಕೊಂಡು ಚದುರಿದರು. ಧಣಿ ಮೆಟ್ಟಿಲು ಹತ್ತಿ ಬಂದು ಅವ್ವನ ಕುರ್ಚಿಯ ಪಕ್ಕ ನಿಂತು, ಸಭೆಯ ಕಡೆ ನಗುಮುಖ ತೋರಿಸುತ್ತಲೇ ಮೇಸ್ತ್ರಿಗೆ ಹಲ್ಲು ಕಚ್ಚಿ ಹೇಳಿದ:

"ಹಿಂದಕ್ಕೆ ಎಳ್ಕೊಂಡು ಹೋಗು ಈ ಮುಂಡೇನ. ನಮ್ಮಪ್ಪ ಒಂದೇ ಕಾಲಿಗೆ ಬಿಟ್ಟಿದ್ದೇ ತಪ್ಪಾಯ್ತು. ಎರಡೂ ಮುರಿ."

ಅವನ ಬೂಟು ಮಖಮಲ್ಲಿನ ಅಂಚನ್ನು ತುಳಿದುಕೊಂಡಿತ್ತು.

ಜಲ್ಲಿ ಒಡೆಯುವವರು ಬಲ ಹಾಕುವುದಿಲ್ಲ. ಕಲ್ಲಿನ ಎಳೆ ಎಲ್ಲಿದೆ ಎಂದು ನೋಡಿ ಅಲ್ಲಿಗೇ ಹೊಡೆಯುತ್ತಾರೆ. ಅವ್ವ ಮುಂದಕ್ಕೆ ಬಾಗಿದಳು. ಕೆಂಪು ಬಟ್ಟೆಯ ಒಳಗಿಂದ ಸುತ್ತಿಗೆ ಹೊರಬಂದದ್ದನ್ನು ನಾನು ನೆಲದ ಮಟ್ಟದಿಂದ ನೋಡಿದೆ. ಒಂದೇ ಏಟು, ಅವನ ಎಡಗಾಲಿನ ಕೀಲಿಗೆ. ಬಂಡೆ ಸೀಳುವ ಸದ್ದು ನನಗೆ ಗೊತ್ತು. ಇದು ಅದಕ್ಕಿಂತ ಸಣ್ಣದು.

ಧಣಿಯ ಬಾಯಿಂದ ಬಂದದ್ದು ಹಸುಗೂಸಿನ ಕೂಗು. ನೆಲಕ್ಕೆ ಬಿದ್ದು, ಎದ್ದು, ಮೆಟ್ಟಿಲ ಕಡೆ ಹೋಗಲು ನೋಡಿದ. ಬಲಗಾಲು ಇಟ್ಟ. ಎಡಗಾಲನ್ನು ಎಳೆದುಕೊಂಡ.

ಆಗ ಮಾವ ಬಡಿದ. ಬಲಗಾಲಿಗೆ ಒಂದು ಏಟು, ಆಮೇಲೆ ಒಂದು ಉಸಿರು ತಡೆದು, ಎಡಗಾಲು ಬರುವ ತನಕ ಕಾದು, ಇನ್ನೊಂದು ಏಟು. ಅವ್ವನಿಗಾಗಿ ಜೀವಮಾನವೆಲ್ಲ ಕಾದ ಹಾಗೆಯೇ ಅವನಿಗೂ ಕಾದ. ಮೆಟ್ಟಿಲವರೆಗೂ ಧಣಿ ಆ ಹೆಜ್ಜೆಯನ್ನೇ ಹಾಕಿದ, ತನ್ನ ಅಪ್ಪನ ಚಿತ್ರದ ಕೆಳಗೆ. ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ನಗು ಬಂತು, ಒಡೆದ ತುಟಿಯಲ್ಲೇ ನಕ್ಕೆ.

ಪೊಲೀಸರು ಮೇಲೆ ಬಂದರು. ಒಬ್ಬ ಮಾವನ ಮುಖಕ್ಕೆ ಲಾಠಿ ಬೀಸಿದ, ಡೋಲು ಉರುಳಿತು. ಇಬ್ಬರು ಅವ್ವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಕಂಕುಳಿಗೆ ಕೈಹಾಕಿ ಎತ್ತಿದರು. ನಡೆಯೇ ಎಂದು ಕೆನ್ನೆಗೆ ಹೊಡೆದರು. ನಡೆಯಲಾರದವಳನ್ನು ಹೊರಲೇಬೇಕಾಯಿತು. ಕೆಮ್ಮಿನ ಜೊತೆ ಅವಳ ಗಲ್ಲದ ಮೇಲೆ ರಕ್ತ ಇಳಿಯುತ್ತಿತ್ತು.

ನನ್ನ ಪಕ್ಕದಲ್ಲಿ ಹಾಯುವಾಗ ಅವಳು ಕತ್ತು ಹೊರಳಿಸಿದಳು. ಜೀವನದಲ್ಲಿ ಒಮ್ಮೆಯೂ ಯಾರಿಗೂ ಬಾಯಿ ಬಿಟ್ಟು ಪಾಠ ಹೇಳದವಳು ಬಾಯಿ ಬಿಟ್ಟಳು.

"ತಿರುಗೋವಾಗ ತಲೆ ತಗ್ಗಿಸ್ತೀಯ ಕಣೇ. ಅದೊಂದೇ ತಪ್ಪು. ತಲೆ ಎತ್ತು, ಇನ್ನೊಂದ್ಸಲ ಹಾಕು."

ಮೇಸ್ತ್ರಿಯ ಕೈಯಲ್ಲಿ ನನ್ನ ಜಡೆ ಇನ್ನೂ ಇತ್ತು. ತಲೆ ಜಗ್ಗಿ ಬಿಡಿಸಿಕೊಂಡು, ಕಿತ್ತು ಬಂದ ಕೂದಲನ್ನು ಅವನ ಕೈಯಲ್ಲೇ ಬಿಟ್ಟು, ಬುಡದ ಉರಿಯೊಂದಿಗೇ ಎದ್ದು ನಿಂತೆ. ಡೋಲು ಬಾಯಿ ಕೆಳಗಾಗಿ ಬಿದ್ದಿತ್ತು. ಹಿಂದಿನ ಬಾಗಿಲ ಹತ್ತಿರ ನಮ್ಮ ಕೇರಿಯವರು ಕಾಲಿನಿಂದ ನೆಲ ಬಡಿಯತೊಡಗಿದರು. ಬಡಿತ ಏರಿತು.

ತಲೆ ಎತ್ತಿ ತಿರುಗಿದೆ.